ಬೋಳು ನೆಲ ಶುದ್ಧ ನೆಲವಲ್ಲ

ವಿಜಯಪುರ ಜಿಲ್ಲೆ ತಿಕೋಟಾ ತಾಲ್ಲೂಕಿನ ಬಿಜ್ಜರಗಿ ದ್ರಾಕ್ಷಿ ಸೀಮೆಯ ಊರು. ವರ್ಷಕ್ಕೆ 600 ಮಿ.ಮೀ. ಮಳೆಯನ್ನೂ ನೆಚ್ಚಲಾಗದ ಈ ಭಾಗದಲ್ಲಿ, ಬರಗಾಲ ಬಂದಾಗ ಟ್ಯಾಂಕರ್ ನೀರು ತರಿಸಿ ಬಳ್ಳಿಗಳನ್ನು ಉಳಿಸಿಕೊಂಡ ರೈತರಿದ್ದಾರೆ. ಹನಿಹನಿಗೂ ಲೆಕ್ಕವಿಡುವ ಇಂಥ ಸೀಮೆಯಲ್ಲೂ ಸಾಲುಗಳ ನಡುವೆ ಹುಲ್ಲುಕಡ್ಡಿಯಿಲ್ಲದ ತೋಟವೇ 'ಸ್ವಚ್ಛ ತೋಟ' ಎಂಬ ನಂಬಿಕೆ ಬೇರೂರಿದೆ. ಆ ಸ್ವಚ್ಛತೆಗಾಗಿ ಕಳೆನಾಶಕದ ಕ್ಯಾನು ತೋಟ ಹೊಕ್ಕಿದೆ.

ಮಲೆನಾಡಿನವರು ಇದನ್ನು ದೂರದ ಬಯಲುಸೀಮೆಯ ಸಂಗತಿಯೆಂದು ತಳ್ಳಿಹಾಕುವಂತಿಲ್ಲ. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ಸೊಪ್ಪಿನ ಬೆಟ್ಟದ ಹಕ್ಕನ್ನು ಕಲ್ಪಿಸಿದ್ದು ನೆಲವನ್ನು ಬರಿದಾಗಿ ಬಿಡಬಾರದೆಂಬ ತಿಳಿವಳಿಕೆಯಿಂದಲೇ. ಸೊಪ್ಪು ಹಾಸುತ್ತಿದ್ದ ಅಂಥ ತೋಟಗಳಿಗೂ ಇಂದು ಅದೇ ಕ್ಯಾನು ಬಂದಿದೆ.

ಬೋಳು ನೆಲ ಶುದ್ಧವಲ್ಲ, ಗಾಯಗೊಂಡ ನೆಲ. ಬಿಸಿಲಿಗೆ ಅದರ ತೇವ ಆರುತ್ತದೆ. ಮಳೆಯ ಹೊಡೆತಕ್ಕೆ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಬೆಳಕು ಕಂಡ ಕಳೆಬೀಜಗಳು ಮತ್ತೆ ಮೊಳೆಯುತ್ತವೆ. ನಿಸರ್ಗ ಖಾಲಿ ಜಾಗವನ್ನು ಖಾಲಿಯಾಗಿ ಬಿಡುವುದಿಲ್ಲ. ಮನುಷ್ಯ ಬೇಕಾದುದನ್ನು ಬಿತ್ತದಿದ್ದರೆ ಬೇಡವಾದುದೇ ಮೊದಲು ಬರುತ್ತದೆ. 1955ರಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟ ಕಾಂಗ್ರೆಸ್ ಕಸ ದೇಶವನ್ನೆಲ್ಲ ಆವರಿಸಿದ್ದು ಇಂಥ ಕೆದಕಿದ, ಬರಿದಾದ ಜಾಗಗಳ ಮೂಲಕವೇ. ವಿಷ ಸಿಂಪಡಿಸುವವನು ಈ ವರ್ಷದ ಕಳೆಯನ್ನು ಕೊಂದು ಮುಂದಿನ ವರ್ಷದ ಕಳೆಗೆ ಹಾಸಿಗೆ ಹಾಸುತ್ತಾನೆ.

ಆ ವಿಷವಾದರೂ ಎಂಥದು? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2015ರಲ್ಲಿ ಗ್ಲೈಫೋಸೇಟನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಂಭವವುಳ್ಳ ವಸ್ತುಗಳ ಪಟ್ಟಿಗೆ ಸೇರಿಸಿತು. ಭಾರತದಲ್ಲಿ ಅದಕ್ಕೆ ಅನುಮತಿಯಿದ್ದದ್ದು ಚಹಾ ತೋಟಗಳಿಗೆ ಮತ್ತು ಬೆಳೆಯಿಲ್ಲದ ಜಾಗಗಳಿಗೆ ಮಾತ್ರ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಅದರ ಬಳಕೆಯನ್ನು ಪರವಾನಗಿ ಪಡೆದ ಕೀಟನಿಯಂತ್ರಕರಿಗೆ ಸೀಮಿತಗೊಳಿಸಿ ಆದೇಶ ಹೊರಡಿಸಿತು. ಇನ್ನೊಂದು ಕಳೆನಾಶಕವಾದ 2,4-ಡಿ ದ್ರಾಕ್ಷಿಗೆ ನೇರ ಶತ್ರು. ಪಕ್ಕದ ಕಬ್ಬಿನ ಹೊಲದಿಂದ ಅದು ಗಾಳಿಯಲ್ಲಿ ತೇಲಿಬಂದರೂ ಬಳ್ಳಿಯ ಎಲೆಗಳು ಮುರುಟುತ್ತವೆ.

ಕಳೆ ತೆಗೆಯಲು ಆಳು ಸಿಗುವುದಿಲ್ಲ, ಕೂಲಿ ಗಿಟ್ಟುವುದಿಲ್ಲ ಎಂದು ರೈತ ಹೇಳುತ್ತಾನೆ. ಆ ಮಾತು ಸುಳ್ಳಲ್ಲ. ಆದರೆ ಅದು ವಿಷದ ಪರವಾದ ವಾದವಲ್ಲ, ಹೊದಿಕೆ ಬೆಳೆಯ ಪರವಾದ ವಾದ. ಬಿಜ್ಜರಗಿಯಂಥ ಕಡೆ ಏಪ್ರಿಲ್ ಚಾಟ್ನಿಗೂ ಅಕ್ಟೋಬರ್ ಚಾಟ್ನಿಗೂ ನಡುವೆ ಮಳೆಗಾಲವಿದೆ. ಮೊದಲ ಹದಮಳೆಗೆ ಸಾಲುಗಳ ನಡುವೆ ಸೆಣಬನ್ನೋ ಅಲಸಂದೆಯನ್ನೋ ಹುರುಳಿಯನ್ನೋ ಒತ್ತಾಗಿ ಬಿತ್ತಿದರೆ ಕಳೆಗೆ ಬೆಳಕು ದಕ್ಕದು. ಮೂರೂ ಗಾಳಿಯ ಸಾರಜನಕವನ್ನು ಬೇರಿನಲ್ಲಿ ಹಿಡಿದಿಡುವ ದ್ವಿದಳ ಸಸ್ಯಗಳು. ಹೂವಾಡುವ ಹೊತ್ತಿಗೆ ಕೊಯ್ದು ಅಲ್ಲೇ ಹಾಸಬೇಕು. ಹೆಚ್ಚು ದಿನ ಬಿಟ್ಟರೆ ಅವು ಬಳ್ಳಿಯ ನೀರಿಗೆ ಪಾಲು ಕೇಳುತ್ತವೆ; ಎತ್ತರ ಬೆಳೆದ ಸೆಣಬು ಗಾಳಿಯಾಟ ತಡೆದು ಡೌನಿ ರೋಗಕ್ಕೂ ಎಡೆ ಮಾಡುತ್ತದೆ. ಜೇಕು, ಕರಕಿಗಳು ಮಾತ್ರ ನೆರಳಿಗೆ ಸುಲಭವಾಗಿ ಸೋಲುವುದಿಲ್ಲ. ಅವನ್ನು ಬಿತ್ತನೆಗೆ ಮೊದಲೇ ಗಡ್ಡೆ, ಬೇರುಸಹಿತ ಅಗೆದು ತೆಗೆಯಬೇಕು. ತೋಟದ ಹೊರಗಿನ ಬದು, ದಾರಿಯಂಚುಗಳಲ್ಲಿ ಕಾಂಗ್ರೆಸ್ ಕಸವನ್ನು ಅದುಮಲು ಊರಿನದೇ ತಗಚೆ ಸಾಕು.

ಹಾಗೆಂದು ನೆಲ ಮುಚ್ಚುವ ಗಿಡಗಳೆಲ್ಲವೂ ಮಿತ್ರರಲ್ಲ. ನರ್ಸರಿಗಳು ಮಾರುವ ಹಳದಿ ಹೂವಿನ ವೆಡೆಲಿಯಾ ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಅಂದಕ್ಕೆಂದು ತಂದ ಲಂಟಾನ ಮಲೆನಾಡಿನ ಕಾಡಿಗೆ ಮಾಡಿದ್ದನ್ನು ಯಾರಿಗೂ ಹೇಳಬೇಕಾಗಿಲ್ಲ. ರಬ್ಬರ್ ತೋಟಕ್ಕೆ ಹೊಂದುವ ಮ್ಯೂಕುನಾ ಬಳ್ಳಿಯನ್ನು ಕಾಡಂಚಿನ ಅಡಿಕೆ ತೋಟಕ್ಕೆ ತಂದರೆ ಅದು ಮರವೇರಿ ಬೇಲಿ ದಾಟುತ್ತದೆ. ನೆರಳೂ ತೇವವೂ ಇರುವ ಮಲೆನಾಡಿನ ತೋಟದಲ್ಲಿ ತಾನಾಗಿ ಹಬ್ಬುವ ಒಂದೆಲಗವನ್ನು ಕಿತ್ತೆಸೆದು, ಹೊರಗಿನ ಬಳ್ಳಿಗೆ ಹಣ ತೆರುವುದು ಯಾವ ಜಾಣತನ?

ಗಿಡ ನೆಡುವ ಮೊದಲು ಕೇಳಬೇಕಾದ ಪ್ರಶ್ನೆಗಳು ಸರಳ. ಅದು ಯಾರ ಪಾಲಿನ ನೀರು ಕುಡಿಯುತ್ತದೆ? ಬೇಡವೆನಿಸಿದಾಗ ಕತ್ತಿಗೆ ಮಣಿಯುತ್ತದೆಯೇ? ಬೇಲಿ ದಾಟಿದರೆ ಎಲ್ಲಿಗೆ ಹೋಗುತ್ತದೆ? ಇವಕ್ಕೆ ಬಯಲುಸೀಮೆಯ ಉತ್ತರ ಒಂದು, ಮಲೆನಾಡಿನದು ಇನ್ನೊಂದು. ಎರಡಕ್ಕೂ ಒಂದೇ ಉತ್ತರವೆಂದು ಹೇಳುವುದು ಅಂಗಡಿಯ ಕ್ಯಾನು ಮಾತ್ರ.

ವಿದ್ಯಾರ್ಥಿಗಳು ಬರುವ ಮಳೆಗಾಲದಲ್ಲಿ ತಮ್ಮ ಮನೆಯ ತೋಟದಲ್ಲಿ ಎರಡೇ ಸಾಲು ಬಿತ್ತಿ, ಎರಡು ಸಾಲು ಬರಿದಾಗಿ ಬಿಟ್ಟು ನೋಡಲಿ. ಮಳೆ ನಿಂತ ಮೇಲೆ ಎರಡೂ ಕಡೆಯ ಮಣ್ಣನ್ನು ಹಿಡಿಯಲ್ಲಿ ಹಿಡಿದು ತಂದೆತಾಯಿಯರಿಗೆ ತೋರಿಸಲಿ. ಮುಂದಿನ ವಾದವನ್ನು ಆ ಮಣ್ಣೇ ಮಾಡುತ್ತದೆ.