ಜೀವದ ಬೆಲೆಯೂ ಸಂಬಳದ ಚೀಟಿಯೂ

ವಿಮೆಯೆಂಬುದು ಮಾತಿನ ವ್ಯಾಪಾರ. ನಾಳೆ ಕೇಡು ಒದಗಿದರೆ ಕೈಹಿಡಿಯುವೆವೆಂದು ಸಂಸ್ಥೆ ಇಂದು ಕೊಡುವ ಭಾಷೆಯೇ ಅಲ್ಲಿನ ಸರಕು. ಆ ಭಾಷೆ ಎಷ್ಟು ಗಟ್ಟಿಯೆಂಬುದು ತಿಳಿಯುವುದು ಕೇಡು ಒದಗಿದ ಮೇಲೆ. ಅನೇಕ ಸಲ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ. ಅಲ್ಲಿ ಏಳುವ ಮೊದಲ ಪ್ರಶ್ನೆ, ಹೋದ ಜೀವವನ್ನು ಅಳೆಯುವ ಕೋಲು ಯಾವುದು ಎಂಬುದು.

2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನಲ್ಲಿ ಓಡುದಾರಿಯನ್ನು ಮೀರಿ ಕಮರಿಗೆ ಉರುಳಿತು. 158 ಮಂದಿ ಮಡಿದರು. ಉಳಿದವರು ಎಂಟೇ ಜನ. ಭಾರತ 2009ರಲ್ಲಿ ಸೇರಿದ್ದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಆಗಿನ ಲೆಕ್ಕಕ್ಕೆ ಸುಮಾರು 75 ಲಕ್ಷ ರೂಪಾಯಿಯವರೆಗೆ, ತಪ್ಪು ಯಾರದೆಂಬ ವಿಚಾರಣೆಯಿಲ್ಲದೆ ವಿಮಾನ ಸಂಸ್ಥೆ ಹೊಣೆ ಹೊರಬೇಕು. ಈ ಮೊತ್ತ ಎಲ್ಲರಿಗೂ ಸಲ್ಲುವ ಕನಿಷ್ಠವೆಂದು 2011ರ ಜುಲೈಯಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ ಹೇಳಿತು. ಆಗಸ್ಟಿನಲ್ಲಿ ಅದೇ ಹೈಕೋರ್ಟಿನ ವಿಭಾಗೀಯ ಪೀಠ ಅದನ್ನು ತಳ್ಳಿಹಾಕಿ, ರುಜುವಾತಾದ ನಷ್ಟವಷ್ಟೇ ಸಲ್ಲತಕ್ಕದ್ದೆಂದಿತು. ಒಂದೇ ವಾಕ್ಯಕ್ಕೆ ಎರಡು ಅರ್ಥ. ನಡುವೆ ನಿಂತವರು ಹೆಣ ಹೊತ್ತ ಮನೆಯವರು.

2020ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು, ಅದೇ ದುರಂತದಲ್ಲಿ ಮಡಿದ ಒಬ್ಬ ಅಧಿಕಾರಿಯ ಕುಟುಂಬಕ್ಕೆ 7.64 ಕೋಟಿ ರೂಪಾಯಿ ಕೊಡಿಸಿತು. ಸಂಬಳವನ್ನು ಹಲವು ಭತ್ಯೆಗಳಾಗಿ ಒಡೆದು, ಕೆಲವನ್ನು ಲೆಕ್ಕದಿಂದ ಬಿಡುವುದು ಸಲ್ಲದೆಂದಿತು. ಇದು ನ್ಯಾಯವೇ ಸರಿ. ಆದರೆ ಅದಕ್ಕೆ ಹತ್ತು ವರ್ಷ ಬೇಕಾಯಿತು. ಒಡೆದು ನೋಡಲು ಆತನಿಗೆ ಸಂಬಳದ ಚೀಟಿಯಾದರೂ ಇತ್ತು.

ಅದೂ ಇಲ್ಲದವರ ಪಾಡೇನು? ನಂಜನಗೂಡು ತಾಲ್ಲೂಕಿನ ಬದನವಾಳುವನ್ನು ನೆನೆಯೋಣ. 1927ರಲ್ಲಿ ಗಾಂಧೀಜಿ ಕಾಲಿಟ್ಟ ಆ ಖಾದಿ ಕೇಂದ್ರದಲ್ಲಿ ನೂಲು ತೆಗೆಯುವ ಕೈಗಳು ಬಹುಪಾಲು ಹೆಣ್ಣುಮಕ್ಕಳವು. ಅಂಥವಳೊಬ್ಬಳು ಲಾರಿಗೆ ಸಿಕ್ಕಿ ಸತ್ತಳೆನ್ನಿ. ನೂಲಿನ ಕೂಲಿಗೆ ಲೆಕ್ಕವಿರಬಹುದು. ನಸುಕಿನಲ್ಲಿ ಹಚ್ಚಿದ ಒಲೆಗೆ, ಹೊತ್ತ ನೀರಿಗೆ, ಸಾಕಿದ ಮಕ್ಕಳಿಗೆ, ಆರೈಕೆ ಕಂಡ ಮುದುಕರಿಗೆ ಲೆಕ್ಕವೆಲ್ಲಿ? ವಿಮಾ ಸಂಸ್ಥೆಯ ವಕೀಲರು ವರಮಾನದ ದಾಖಲೆ ಕೇಳುವುದು ವಾಡಿಕೆ. ಆದರೆ ದಾಖಲೆಯಿಲ್ಲದ್ದಕ್ಕೆ ಬೆಲೆಯೂ ಇಲ್ಲವೆನ್ನುವುದು ತರ್ಕವಲ್ಲ, ಜಾಣತನ.

ನ್ಯಾಯಾಲಯಗಳು ಇದನ್ನು ಗುರುತಿಸದೆ ಇಲ್ಲ. 2010ರ ಜುಲೈಯಲ್ಲಿ, ನ್ಯಾಷನಲ್ ಇನ್ಶೂರೆನ್ಸ್ ಕಂಪನಿ ಎದುರು ಪಕ್ಷವಾಗಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಗೃಹಿಣಿಯೊಬ್ಬಳ ಸಾವಿನ ಪರಿಹಾರವನ್ನು ಎರಡೂವರೆ ಲಕ್ಷದಿಂದ ಆರು ಲಕ್ಷಕ್ಕೆ ಏರಿಸಿತು. ಜನಗಣತಿ ಗೃಹಿಣಿಯರನ್ನು ಭಿಕ್ಷುಕರ, ಕೈದಿಗಳ ಸಾಲಿನಲ್ಲಿ ದುಡಿಯದವರೆಂದು ಎಣಿಸಿದ್ದನ್ನು ಆ ತೀರ್ಪು ಖಂಡಿಸಿತು. 2021ರ ಜನವರಿಯಲ್ಲಿ, ಓರಿಯಂಟಲ್ ಇನ್ಶೂರೆನ್ಸ್ ಎದುರಿನ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಎನ್. ವಿ. ರಮಣ ಅವರು ಸರ್ಕಾರದ್ದೇ ಸಮೀಕ್ಷೆಯನ್ನು ಮುಂದಿಟ್ಟರು: ಸಂಬಳವಿಲ್ಲದ ಮನೆಗೆಲಸದಲ್ಲಿ ಹೆಂಗಸು ದಿನಕ್ಕೆ 299 ನಿಮಿಷ ಕಳೆದರೆ, ಗಂಡಸು 97 ನಿಮಿಷ.

ಹೀಗೆ ತತ್ತ್ವ ಸ್ಥಿರಪಟ್ಟಿದೆ. ಆದರೂ ದೆಹಲಿಯವರೆಗೆ ಹೋಗಬಲ್ಲವರು ಎಷ್ಟು ಮಂದಿ? ಹೋಗಲಾರದವರು ಮೊದಲು ಕೊಟ್ಟಷ್ಟಕ್ಕೆ ಹೆಬ್ಬೆಟ್ಟೊತ್ತಿ ಸುಮ್ಮನಾಗುವರು. ಮೇಲಿನ ನ್ಯಾಯಾಲಯ ಒಪ್ಪಿದ ಬೆಲೆಯನ್ನು ಕೆಳಗಿನ ಮನೆಗೆ ಮೊದಲ ಪತ್ರದಲ್ಲೇ ತಲುಪಿಸುವುದು ಸಂಸ್ಥೆಗಳ ಕರ್ತವ್ಯ. ಕೊಟ್ಟ ಮಾತನ್ನು ಕೇಳಿಸಿಕೊಂಡವರಷ್ಟೇ ಅಲ್ಲ, ಕೊಟ್ಟವರೂ ನೆನಪಿಟ್ಟುಕೊಳ್ಳಬೇಕು.