ಸರ್ವರ್ ಒಳಗೆ ಬಿಡಲಿಲ್ಲವೇ? ಬೈಯಬೇಡಿ!

ಹೊಸದಾಗಿ ಡೇಟಾಬೇಸ್ ಸರ್ವರ್ ಇನ್‌ಸ್ಟಾಲ್ ಮಾಡಿದವರು ಒಂದಲ್ಲ ಒಂದು ಸಲ ಬೈದುಕೊಂಡಿರುವ ಸಾಲೊಂದಿದೆ: 'ಆಕ್ಸೆಸ್ ಡಿನೈಡ್ ಫಾರ್ ಯೂಸರ್ ರೂಟ್'. ನಮ್ಮದೇ ಮಷೀನು, ನಾವೇ ಹಾಕಿದ ಸರ್ವರ್ರು, ನಾವೇ ಯಜಮಾನರು. ಆದರೂ 'ಯಾರಪ್ಪಾ ನೀನು?' ಅನ್ನುತ್ತೆ. ನಮ್ಮ ಆಫೀಸಿಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ನನ್ನ ಹತ್ತಿರ ತರುವ ಮೊದಲ ದೂರು ಬಹುಪಾಲು ಇದೇ. "ಸಾರ್, ನಾನು ಪಾಸ್‌ವರ್ಡೇ ಇಟ್ಟಿಲ್ಲ, ಆದ್ರೂ ಒಳಗೆ ಬಿಡ್ತಿಲ್ಲ!"

ನಾನು ಹೇಳೋದು ಇಷ್ಟೆ. ಹೊಸ ಸರ್ವರ್ ನಿಮ್ಮನ್ನು ಬಾಗಿಲಲ್ಲೇ ತಡೆದರೆ ಖುಷಿಪಡಿ. ಏನೂ ಕೇಳದೆ ಒಳಗೆ ಬಿಟ್ಟುಕೊಂಡರೆ ಹೆದರಿ. ನಿಮ್ಮನ್ನು ಹಾಗೆ ಬಿಟ್ಟಿದ್ದು ಇನ್ನೊಬ್ಬನನ್ನೂ ಹಾಗೇ ಬಿಡುತ್ತೆ.

ಹಿಂದೆಲ್ಲ ಹಾಗೇ ಇತ್ತು. ಮೈಎಸ್‌ಕ್ಯೂಎಲ್ ಹಾಕಿದರೆ ರೂಟ್‌ಗೆ ಪಾಸ್‌ವರ್ಡೇ ಇರುತ್ತಿರಲಿಲ್ಲ. ಒರಾಕಲ್‌ನಲ್ಲಿ 'ಸಿಸ್ಟಮ್' ಬಳಕೆದಾರನ ಪಾಸ್‌ವರ್ಡ್ 'ಮ್ಯಾನೇಜರ್', 'ಸ್ಕಾಟ್' ಎಂಬುವನದ್ದು 'ಟೈಗರ್' ಅಂತ ಜಗತ್ತಿಗೆಲ್ಲ ಗೊತ್ತಿತ್ತು. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 'ಎಸ್‌ಎ' ಖಾತೆಯ ಪಾಸ್‌ವರ್ಡ್ ಖಾಲಿ ಬಿಟ್ಟರೂ ನಡೆಯುತ್ತಿತ್ತು. 2002ರ ಮೇ ತಿಂಗಳಲ್ಲಿ ಸ್ಪೈಡಾ ಎಂಬ ವರ್ಮ್ ಹಬ್ಬಿದ್ದು ಈ ಖಾಲಿ ಪಾಸ್‌ವರ್ಡಿನಿಂದಲೇ. ಅದು ಯಾವ ಬೀಗವನ್ನೂ ಒಡೆಯಲಿಲ್ಲ, ತೆರೆದಿದ್ದ ಬಾಗಿಲು ಹುಡುಕಿಕೊಂಡು ಹೋಯಿತು ಅಷ್ಟೆ.

ಅದರಿಂದ ಎಲ್ಲರೂ ಪಾಠ ಕಲಿತರೇ? ಎಲ್ಲಿ! 2017ರ ಜನವರಿಯಲ್ಲಿ ಪಾಸ್‌ವರ್ಡ್ ಇಲ್ಲದೆ ಇಂಟರ್ನೆಟ್ಟಿಗೆ ತೆರೆದುಕೊಂಡಿದ್ದ ಸಾವಿರಾರು ಮೊಂಗೋಡಿಬಿ ಡೇಟಾಬೇಸುಗಳನ್ನು ಅಳಿಸಿಹಾಕಿ, ವಾಪಸ್ ಬೇಕಾದರೆ ಬಿಟ್‌ಕಾಯಿನ್ ಕೊಡಿ ಅಂತ ಚೀಟಿ ಇಟ್ಟು ಹೋದರು. ಎಷ್ಟೋ ಕಡೆ ದುಡ್ಡು ಕೊಟ್ಟವರಿಗೂ ಡೇಟಾ ಸಿಗಲಿಲ್ಲ. ಕಳ್ಳರು ಅದನ್ನು ನಕಲು ಮಾಡಿಟ್ಟುಕೊಂಡೇ ಇರಲಿಲ್ಲ!

ತಯಾರಕರು ಯಾಕೆ ಹೀಗೆ ಮಾಡುತ್ತಿದ್ದರು? ಮೊದಲ ಸಲ ಹಾಕುವವರಿಗೆ ಸುಲಭವಾಗಲಿ, ಪಾಸ್‌ವರ್ಡ್ ಆಮೇಲೆ ಬದಲಾಯಿಸಿಕೊಳ್ಳುತ್ತಾರೆ ಅಂತ. ಮ್ಯಾನ್ಯುಯಲ್‌ನಲ್ಲಿ ಬರೆದೂ ಇರುತ್ತಿತ್ತು. ಆದರೆ ಸರ್ವರ್ ಕೆಲಸ ಮಾಡಲು ಶುರುವಾದ ಮೇಲೆ ಈ 'ಆಮೇಲೆ' ಅನ್ನೋದು ಬರೋದೇ ಇಲ್ಲ. ಅದಕ್ಕೇ ಬೀಗ ಮೊದಲೇ ಹಾಕಿರಬೇಕು, ತೆಗೆಯೋ ಶ್ರಮ ನಮ್ಮದಾಗಿರಬೇಕು.

ಈಗ ಹಾಗೆ ಆಗಿದೆ. 2015ರಲ್ಲಿ ಬಂದ ಮೈಎಸ್‌ಕ್ಯೂಎಲ್ 5.7ರಿಂದೀಚೆಗೆ, ರೆಡ್‌ಹ್ಯಾಟ್ ಬಳಗದ ಲಿನಕ್ಸ್‌ಗಳಲ್ಲಿ ಮೈಎಸ್‌ಕ್ಯೂಎಲ್‌ನವರದೇ ಪ್ಯಾಕೇಜು ಹಾಕಿದರೆ ಒಂದು ತಾತ್ಕಾಲಿಕ ಪಾಸ್‌ವರ್ಡ್ ತಾನಾಗಿ ಹುಟ್ಟಿ ಎರರ್ ಲಾಗ್‌ನಲ್ಲಿ ಕೂತಿರುತ್ತೆ. ಅದನ್ನು ಹುಡುಕಿ ಒಳಗೆ ಹೋಗಿ, ಮೊದಲು ಪಾಸ್‌ವರ್ಡ್ ಬದಲಾಯಿಸಬೇಕು. ಅಲ್ಲಿಯವರೆಗೆ ಬೇರೆ ಯಾವ ಕೆಲಸಕ್ಕೂ ಅದು ಬಗ್ಗೋದಿಲ್ಲ. ಉಬುಂಟುವಿನ ಮೈಎಸ್‌ಕ್ಯೂಎಲ್‌ನಲ್ಲಿ 'ಸುಡೊ ಮೈಎಸ್‌ಕ್ಯೂಎಲ್' ಅಂದರೆ ಸಾಕು, ನೀವು ಯಾರು ಅನ್ನೋದಕ್ಕೆ ಆಪರೇಟಿಂಗ್ ಸಿಸ್ಟಮ್ಮೇ ಸಾಕ್ಷಿ. ಮರಿಯಾಡಿಬಿ ಕೂಡ 2019ರ 10.4ರಿಂದ ಲಿನಕ್ಸ್‌ನಲ್ಲಿ ಇದೇ ದಾರಿ ಹಿಡಿಯಿತು. ಡೆಬಿಯನ್, ಉಬುಂಟುಗಳಲ್ಲಿ ಪೋಸ್ಟ್‌ಗ್ರೆಸ್ ಹಾಕಿದರೂ ಹೀಗೇ, 'ಪೋಸ್ಟ್‌ಗ್ರೆಸ್' ಎಂಬ ಬಳಕೆದಾರನಾಗಿ ಬಂದರೆ ಮಾತ್ರ ಯಜಮಾನಿಕೆ.

ಆದರೆ ನಮ್ಮವರು ಬಿಡ್ತಾರಾ? ಎರರ್ ಮೆಸೇಜನ್ನು ಗೂಗಲ್ಲಿಗೆ ಹಾಕಿ 'ಸ್ಕಿಪ್ ಗ್ರಾಂಟ್ ಟೇಬಲ್ಸ್' ಅನ್ನೋ ಸಾಲು ಹುಡುಕಿ ತರ್ತಾರೆ. ಪಾಸ್‌ವರ್ಡ್ ಮರೆತಾಗ ಐದು ನಿಮಿಷಕ್ಕೆ ಅಂತ ಇರುವ ದಾರಿ ಅದು. ಅದನ್ನು ಕಾನ್ಫಿಗ್ ಫೈಲಿನಲ್ಲೇ ಬಿಟ್ಟರೆ ಯಾರು ಬಂದರೂ ಎಲ್ಲರೂ ಯಜಮಾನರೇ. ಇದನ್ನು ನೋಡಿಯೋ ಏನೋ, ಮೈಎಸ್‌ಕ್ಯೂಎಲ್ 8ರಲ್ಲಿ ಈ ಸಾಲು ಹಾಕಿದರೆ ಹೊರಗಿನ ನೆಟ್‌ವರ್ಕ್ ಸಂಪರ್ಕ ತಾನಾಗಿ ಬಂದ್ ಆಗುತ್ತೆ. ಇನ್ನು ಕೆಲವರು ರೂಟ್‌ಗೆ 'ರೂಟ್' ಅಂತಲೇ ಪಾಸ್‌ವರ್ಡ್ ಕೊಟ್ಟು, ಅದನ್ನೇ ತಮ್ಮ ಪಿಎಚ್‌ಪಿ ಪ್ರೋಗ್ರಾಮಿನಲ್ಲೂ ಬರೆದಿಡುತ್ತಾರೆ. ಪ್ರೋಗ್ರಾಮಿನಲ್ಲಿ ಒಂದು ಸಣ್ಣ ತೂತು ಸಿಕ್ಕರೂ ಸರ್ವರ್‌ನಲ್ಲಿರುವ ಅಷ್ಟೂ ಡೇಟಾಬೇಸ್ ಹೋದ ಹಾಗೆ! ಮೊದಲ ಲಾಗಿನ್‌ನಲ್ಲಿ ಮಾಡಬೇಕಾದ ಮುಖ್ಯ ಕೆಲಸವೇ ರೂಟ್ ಅಲ್ಲದ ಇನ್ನೊಬ್ಬ ಬಳಕೆದಾರನನ್ನು ಸೃಷ್ಟಿಸಿ, ಅವನಿಗೆ ಬೇಕಾದ ಒಂದು ಡೇಟಾಬೇಸಿನ ಹಕ್ಕು ಮಾತ್ರ ಕೊಡೋದು. ಆಮೇಲೆ ರೂಟ್ ದಿನನಿತ್ಯದ ಕೆಲಸಕ್ಕೆ ಬೇಕಾಗೋದೇ ಇಲ್ಲ.

'ಕಲಿಯೋಕೆ ಅಂತ ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡಿದ್ದು, ಅದಕ್ಕೂ ಇಷ್ಟೆಲ್ಲ ಬೇಕಾ?' ಅಂತ ಕೇಳಬಹುದು. ಲ್ಯಾಪ್‌ಟಾಪಿನಲ್ಲಿ ಬರೆದ ಕಾನ್ಫಿಗ್ ಫೈಲು ಒಂದು ದಿನ ಹಾಗೇ ಸರ್ವರ್ ಸೇರುತ್ತೆ, ಕೈಗೆ ಅಂಟಿದ ಅಭ್ಯಾಸವೂ ಜೊತೆಗೇ ಹೋಗುತ್ತೆ. ಆದರೆ ಒಂದು ದೂರನ್ನು ಮಾತ್ರ ಒಪ್ಪುತ್ತೇನೆ. ಬೀಗ ಹಾಕಿದವರು ಬೀಗದಕೈ ಎಲ್ಲಿಟ್ಟಿದ್ದೇವೆ ಅಂತ ಆ ಮೆಸೇಜಿನಲ್ಲೇ ಹೇಳಬೇಕಿತ್ತು. ಬರೀ 'ಆಕ್ಸೆಸ್ ಡಿನೈಡ್' ಅಂದರೆ ಹೊಸಬರು ಅಡ್ಡದಾರಿ ಹಿಡಿಯದೆ ಇನ್ನೇನು ಮಾಡ್ತಾರೆ?

ಆ ಡೇಟಾ ಯಾರದ್ದು ಅಂತ ಸ್ವಲ್ಪ ಯೋಚಿಸಿ. ಕ್ಲಿನಿಕ್ಕಿನ ರೋಗಿಗಳದ್ದು, ಸೊಸೈಟಿಯಲ್ಲಿ ಸಾಲ ತಗೊಂಡ ರೈತರದ್ದು, ಫೀಸು ಕಟ್ಟಿದ ಮಕ್ಕಳದ್ದು. ಅವರು ಆ ಸರ್ವರನ್ನು ಕಣ್ಣಲ್ಲೂ ನೋಡಿರೋದಿಲ್ಲ, ಪಾಸ್‌ವರ್ಡ್ ಇಡಿ ಅಂತ ನಮಗೆ ಹೇಳೋಕೂ ಅವರಿಗೆ ಬರೋದಿಲ್ಲ. ಸ್ವಂತ ಹೋಸ್ಟಿಂಗ್‌ನಲ್ಲಿ ವರ್ಡ್‌ಪ್ರೆಸ್ ಹಾಕಿಕೊಂಡ ಬ್ಲಾಗಿಗರೇ, ನೀವು ಬರೆದದ್ದೂ ಇರೋದು ಇಂಥದ್ದೇ ಒಂದು ಮೈಎಸ್‌ಕ್ಯೂಎಲ್ ಅಥವಾ ಮರಿಯಾಡಿಬಿಯ ಹೊಟ್ಟೆಯಲ್ಲಿ. ಅದರ ಕಾನ್ಫಿಗ್ ಫೈಲಿನಲ್ಲಿ ಯಾರ ಹೆಸರಿದೆ? 'ರೂಟ್' ಅಂತ ಇದ್ದರೆ ಇವತ್ತೇ ಬದಲಾಯಿಸಿ. ಆಮೇಲೆ ಅನ್ನಬೇಡಿ.