ಕೂಸಿನ ಕಸರತ್ತು, ತಾಯಿಯ ಕೂಲಿ

37 ವಾರ ತುಂಬುವ ಮೊದಲೇ ಹುಟ್ಟಿದ ಕೂಸಿಗೆ ಕುತ್ತಿಗೆ ನಿಲ್ಲುವದು, ಬೋರಲು ಬೀಳುವದು ತಡವಾಗಬಹುದು. ಅದಕ್ಕೆ ಮೊದಲ ತಿಂಗಳುಗಳಲ್ಲಿಯೇ ಕಸರತ್ತು ಬೇಕು: ಎಚ್ಚರಿದ್ದಾಗ ನಮ್ಮ ಕಣ್ಣೆದುರಿಗೇ ಬೋರಲು ಮಲಗಿಸುವದು, ಗಿಲಕಿ ಆಡಿಸಿ ಕತ್ತು ತಿರುಗಿಸುವದು. ಎಣ್ಣೆ ಹಚ್ಚಿ ಕೈಕಾಲು ಜಗ್ಗುವದಲ್ಲ, ಬಲ್ಲವರು ತೋರಿಸಿಕೊಡಬೇಕು.

2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಇಂಥ ಮಕ್ಕಳಿಗಾಗಿ ಜಿಲ್ಲೆಗೊಂದು ಕೇಂದ್ರವೆಂದಿತು. ಒಳ್ಳೆಯದೇ. ಆದರೆ ಜಾಂಬೋಟಿಯ ಕೂಲಿಕಾರ್ತಿ ಮಳೆಯಲ್ಲಿ ಕೂಸನ್ನೆತ್ತಿಕೊಂಡು ಬೆಳಗಾವಿಗೆ ಹೋಗಿಬಂದರೆ ಆ ದಿನದ ಕೂಲಿ ಹೋಯಿತು. ಎರಡು ಸಲ ಹೋದಾಳು, ಮೂರನೆಯ ಸಲ? ಗಿರಣಿಯ ಹೆಂಗಸಿಗೆ 2017ರಿಂದ ಮೊದಲೆರಡು ಹೆರಿಗೆಗೆ 26 ವಾರಗಳ ಪಗಾರಿ ರಜೆ ಉಂಟು. ಗದ್ದೆಯ ಕೂಲಿಯವಳಿಗೆ ಅದಿಲ್ಲ.

ಕಸರತ್ತು ಕಲಿಸುವವರು ವಾರಕ್ಕೊಮ್ಮೆ ಜಾಂಬೋಟಿಗೇ ಬರಲಿ. ತಾಯಿ ಬೆಳಗಾವಿಗೆ ಹೋಗಲೇಬೇಕಾದ ದಿನದ ಕೂಲಿಯನ್ನು ಸರಕಾರ ತುಂಬಿಕೊಡಲಿ.